ಬಾಗಿಲಿಗೆ ಬ್ಯಾಂಕಿನ ನೋಟಿಸ್ ಅಂಟಿಸಿದ್ರು ಅಂತ ಮನೆ ಖಾಲಿ ಮಾಡ್ಬೇಡ ತಂಗೀ

ತಂಗೀ, ನೀನು ಬೆಳಿಗ್ಗೆ ಗ್ರೂಪಿಗೆ ಹಾಕಿದ ಫೋಟೋ ಈಗ ನೋಡ್ದೆ. ಕೋಡಿಬಾಗದ ನಿಮ್ಮ ಬಾಡಿಗೆ ಮನೆ ಬಾಗಿಲಿಗೆ ಬ್ಯಾಂಕಿನವ್ರು ನೋಟಿಸ್ ಅಂಟಿಸಿ ಹೋಗಿದ್ದಾರೆ, ಓನರ್ ಫೋನೇ ಎತ್ತೂದಿಲ್ಲ, ಎಂತ ಮಾಡೂದು ಅಂತ ಕೇಳಿದ್ದೀಯಲ್ಲ. ಸಾಮಾನು ಹೊರಗೆ ಹಾಕೂದ್ರೊಳಗೆ ಖಾಲಿ ಮಾಡಿ ಅಂತ ದೊಡ್ಡ ಮಾವ ಹೇಳಿದ್ರು. ಬಾಡಿಗೆ ನಿಲ್ಸಿ, ಅಡ್ವಾನ್ಸಲ್ಲಿ ಮುರ್ಕೊಳ್ಳಿ ಅಂತ ಸಣ್ಣ ಭಾವ ಹೇಳಿದ. ಇಬ್ರೂ ನಿನ್ನ ಮೇಲಿನ ಕಾಳಜಿಗೇ ಹೇಳಿದ್ದು. ಆದ್ರೆ ಎರಡರಲ್ಲಿ ಒಂದನ್ನೂ ಈಗ ಮಾಡ್ಬೇಡಿ. ವಕೀಲರ ಆಫೀಸಲ್ಲಿ ಇಂಥ ಫೈಲು ನನ್ನ ಕೈಮೇಲೇ ಹೋಗ್ತವೆ, ಅದಕ್ಕೇ ಸ್ವಲ್ಪ ಉದ್ದಕ್ಕೇ ಹೇಳ್ತೇನೆ, ಪೂರ್ತಿ ಕೇಳು.

ಫೋಟೋ ದೊಡ್ಡದು ಮಾಡಿ ಓದ್ದೆ. ಎಡಗಡೆ ಮೂಲೆ ಮಳೆಗೆ ನೆನೆದು ಶಾಯಿ ಹರಡಿದೆ, ಆದ್ರೂ ಬೇಕಾದ್ದೆಲ್ಲ ಕಾಣ್ತದೆ. ಸರ್ಫೇಸಿ ಕಾಯ್ದೆ 2002, ಕಲಂ 13(4), ಅಂದ್ರೆ ಸಾಲ ಕಟ್ಟದವ್ರು ಅಡ ಇಟ್ಟ ಆಸ್ತಿಯನ್ನ ಬ್ಯಾಂಕ್ ವಶಕ್ಕೆ ತಗೊಳ್ಳೂ ಕಾನೂನು. ಮಾರ್ಚಲ್ಲಿ ಓನರಿಗೆ ಡಿಮ್ಯಾಂಡ್ ನೋಟಿಸ್, ಅಂದ್ರೆ ಸಾಲದ ಬಾಕಿ ಕಟ್ಟಿ ಅನ್ನೂ ನೋಟಿಸ್, ಕೊಟ್ಟಿದ್ದಾರೆ, 60 ದಿನದೊಳಗೆ ಅವ್ರು ಕಟ್ಟಲಿಲ್ಲ, ಹಾಗಾಗಿ ಸಾಂಕೇತಿಕ ಸ್ವಾಧೀನ ತಗೊಂಡಿದ್ದೇವೆ ಅಂತ ಇದೆ. ಸಾಂಕೇತಿಕ ಅಂದ್ರೆ ಸದ್ಯಕ್ಕೆ ಕಾಗದದ ಮೇಲೆ. ಕೀಲಿ ನಿನ್ನ ಕೈಯಲ್ಲೇ ಇದೆ. ನೀನಾಗಿ ಬಿಟ್ಟುಕೊಡದಿದ್ರೆ ಬ್ಯಾಂಕಿನವ್ರು ಕಲಂ 14ರ ಕೆಳಗೆ ಜಿಲ್ಲಾ ಮ್ಯಾಜಿಸ್ಟ್ರೇಟರ ಹತ್ರ, ಅಂದ್ರೆ ನಮ್ಮ ಡಿಸಿಯವ್ರ ಹತ್ರ, ಇಲ್ಲಾ ಸಿಜೆಎಂ, ಅಂದ್ರೆ ಮುಖ್ಯ ನ್ಯಾಯಿಕ ಮ್ಯಾಜಿಸ್ಟ್ರೇಟರ ಕೋರ್ಟಿಗೆ ಹೋಗಿ ಆದೇಶ ತರ್ಬೇಕು. ಆ ಆದೇಶ ಇಲ್ದೇ ಸಂಜೆ ಹೊತ್ತು ಯಾರೋ ಇಬ್ರು ಬೈಕಲ್ಲಿ ಬಂದು ನಾಳೆ ಬೀಗ ಒಡೀತೇವೆ ಅಂದ್ರೆ ಹೆದರ್ಬೇಡ. ಹೆಸರು ಕೇಳು, ಗುರುತಿನ ಚೀಟಿ ಕೇಳು, ಬ್ಯಾಂಕಿನ ಪತ್ರ ಕೇಳು. ದಬಾಯಿಸಿದ್ರೆ 112ಕ್ಕೆ ಫೋನ್ ಮಾಡು.

ಈಗ ಮುಖ್ಯ ವಿಷಯ, ತಾರೀಕು. ಬಾಡಿಗೆದಾರರ ಹಕ್ಕು ಎಷ್ಟು ಗಟ್ಟಿ ಅನ್ನೂದು ತಾರೀಕಿನ ಮೇಲೇ ನಿಂತಿದೆ. ಓನರ್ ಮನೆ ಅಡ ಇಟ್ಟದ್ದು ಯಾವಾಗ, ನಿನ್ನ ಅಗ್ರಿಮೆಂಟ್ ಆದದ್ದು ಯಾವಾಗ, ಡಿಮ್ಯಾಂಡ್ ನೋಟಿಸ್ ಬಂದದ್ದು ಯಾವಾಗ. ಅಡ ಇಡೂದಕ್ಕೆ ಮೊದ್ಲೇ ಸರಿಯಾದ ಬಾಡಿಗೆ ಕರಾರು ಇದ್ರೆ ಅದು ಮುಗೀದೇ ಬಾಡಿಗೆದಾರನ್ನ ಎಬ್ಬಿಸ್ಲಿಕ್ಕೆ ಬರೂದಿಲ್ಲ ಅಂತ ಸುಪ್ರೀಂ ಕೋರ್ಟ್ 2014ರಲ್ಲಿ ಹರ್ಷದ್ ಗೋವರ್ಧನ್ ಸೊಂಡಾಗರ್ ಕೇಸಲ್ಲಿ ಹೇಳಿದೆ. ಅಡ ಇಟ್ಟ ಮೇಲೆ ಬಾಡಿಗೆಗೆ ಕೊಟ್ಟಿದ್ರೂ ಅಡಪತ್ರದಲ್ಲಿ ಅದಕ್ಕೆ ತಡೆ ಇಲ್ದಿದ್ರೆ, ಆಸ್ತಿ ವರ್ಗಾವಣೆ ಕಾಯ್ದೆಯ ಕಲಂ 65ಎ ಪ್ರಕಾರ ಮೂರು ವರ್ಷದವರೆಗಿನ ಕರಾರಿಗೆ ಬೆಲೆ ಇದೆ. ಡಿಮ್ಯಾಂಡ್ ನೋಟಿಸ್ ಬಂದ ಮೇಲೆ ಬ್ಯಾಂಕಿನ ಲಿಖಿತ ಒಪ್ಪಿಗೆ ಇಲ್ದೇ ಮಾಡಿದ ಬಾಡಿಗೆಗೆ ಮಾತ್ರ ರಕ್ಷಣೆ ಇಲ್ಲ.

ಇಲ್ಲೇ ನನಗೆ ನಿನ್ನ ವಿಷಯದಲ್ಲಿ ಚಿಂತೆ. ಹನ್ನೊಂದು ತಿಂಗಳ ಅಗ್ರಿಮೆಂಟನ್ನ ಈ ಏಪ್ರಿಲಲ್ಲಿ ಹೊಸದು ಮಾಡಿದ್ದು ಅಂದೆ. ಓನರಿಗೆ ನೋಟಿಸ್ ಬಂದದ್ದು ಮಾರ್ಚಲ್ಲಿ. ಗೊತ್ತಿದ್ದೂ ನಿನ್ನ ಹತ್ರ ಸೈನ್ ಹಾಕಿಸ್ಕೊಂಡಿದ್ದಾರೆ, ಇದು ದೊಡ್ಡ ಅನ್ಯಾಯ. ಬ್ಯಾಂಕಿನ ವಕೀಲ್ರು ಮೊದ್ಲು ಈ ಏಪ್ರಿಲಿನ ಕಾಗದವನ್ನೇ ಹಿಡಿತಾರೆ. ಅದಕ್ಕೇ ನಿಮ್ಮನೆಯವ್ರಿಗೆ ಕೈಗಾದಲ್ಲಿ ಕೆಲಸ ಸಿಕ್ಕ ಹೊಸತರಲ್ಲಿ ಮಾಡಿದ ಮೊದಲನೇ ಅಗ್ರಿಮೆಂಟ್ ಹುಡುಕು. ಅವತ್ತಿಂದ ಬಾಡಿಗೆ ಹೋದ ಫೋನ್‌ಪೇ ಲೆಕ್ಕ, ಹೆಸ್ಕಾಂ ಬಿಲ್ಲು, ಗ್ಯಾಸ್ ಬುಕ್ಕು, ಮಗಳ ಶಾಲೆ ಅರ್ಜಿಯಲ್ಲಿ ಕೊಟ್ಟ ವಿಳಾಸ, ಎಲ್ಲ ಒಟ್ಟು ಮಾಡು. ಬರೀ ಬಾಯಿಮಾತಿನ ಬಾಡಿಗೆ, ರಿಜಿಸ್ಟರ್ ಆಗದ ಕಾಗದ ಹಿಡ್ಕೊಂಡು ಒಂದು ವರ್ಷಕ್ಕಿಂತ ಹೆಚ್ಚಿಗೆ ಹಕ್ಕು ಕೇಳ್ಲಿಕ್ಕೆ ಬರೂದಿಲ್ಲ ಅಂತ 2019ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಹಾಗಾಗಿ ವರ್ಷಗಟ್ಟಲೆ ಅಲ್ಲೇ ಉಳೀಬಹುದು ಅಂತ ನಿನಗೆ ಆಸೆ ಹುಟ್ಟಿಸೂದಿಲ್ಲ. ಮಳೆಗಾಲ ಕಳೀಲಿ, ಮಗಳ ಪರೀಕ್ಷೆ ಮುಗೀಲಿ ಅಂತ ಸಮಯ ಕೇಳೂದು ಮಾತ್ರ ಪೂರ್ತಿ ನ್ಯಾಯ. ಖಾಲಿ ಮನೆಯಾದ್ರೆ ಹರಾಜಿಗೆ ಸುಲಭ, ಅದಕ್ಕೇ ಬ್ಯಾಂಕಿನವ್ರೂ ಮಾತಿಗೆ ಬರ್ತಾರೆ. ನಮ್ಮ ಆಫೀಸಲ್ಲೇ ಹಾಗೆ ಬಗೆಹರಿದದ್ದು ನೋಡಿದ್ದೇನೆ.

ಮನೆ ಅಡ ಇಟ್ಟ ತಾರೀಕು ನೋಂದಣಿ ಇಲಾಖೆಯ ಕಾವೇರಿ ಪೋರ್ಟಲಲ್ಲಿ ಇಸಿ, ಅಂದ್ರೆ ಋಣಭಾರ ಪತ್ರ, ತೆಗೆದ್ರೆ ಸಿಕ್ಕೀತು. ಅದರಲ್ಲಿ ಕಾಣದಿದ್ರೆ ಬ್ಯಾಂಕಿಗೆ ಅಡ ಇಟ್ಟ ಆಸ್ತಿಗಳ ದಾಖಲೆ ಇರೂ ಸೆರ್ಸಾಯ್ ವೆಬ್‌ಸೈಟಲ್ಲಿ ಹುಡುಕ್ಬೇಕು, ಅದನ್ನ ನಾನು ಮಾಡ್ತೇನೆ.

ಬಾಡಿಗೆ ನಿಲ್ಸ್ಬೇಡ. ನಿಲ್ಸಿದ್ರೆ ನೀನೇ ಬಾಕಿದಾರಳಾಗ್ತೀಯ, ಎದುರಿನವ್ರಿಗೆ ಒಂದು ಕಾರಣ ಸಿಕ್ತದೆ. ಅಡ್ವಾನ್ಸ್ ಹಣ ಓನರ್ ಕೈಲಿದೆ, ಬ್ಯಾಂಕ್ ಅದನ್ನ ವಾಪಸ್ ಕೊಡೂದಿಲ್ಲ, ಸಣ್ಣ ಭಾವ ಹೇಳಿದ್ದರ ಹಿಂದಿನ ಭಯ ನನಗೆ ಅರ್ಥ ಆಗ್ತದೆ. ಅದಕ್ಕೆ ಓನರಿಗೆ ವಾಟ್ಸಾಪಲ್ಲೇ ಬರಿ, ಬರೂ ತಿಂಗಳಿಂದ ಬಾಡಿಗೆ ಅಡ್ವಾನ್ಸಲ್ಲಿ ಮುರೀಲಾ ಅಂತ ಕೇಳು. ಒಪ್ಪಿದ್ರೆ ಆ ಮೆಸೇಜ್ ಅಳಿಸ್ಬೇಡ. ಒಪ್ಪದಿದ್ರೆ ಹಿಂದಿನ ಹಾಗೇ ಅವ್ರ ಖಾತೆಗೆ ಹಾಕು, ಕೈಯಲ್ಲಿ ನಗದು ಕೊಡ್ಲೇಬೇಡ. ಬಾಡಿಗೆ ನಮಗೆ ಕಟ್ಟಿ ಅಂತ ಬ್ಯಾಂಕಿಂದ ಪತ್ರ ಬಂದ್ರೆ ಮೊದ್ಲು ನನಗೆ ಕಳಿಸು.

ಕಾರವಾರ ಸಿವಿಲ್ ಕೋರ್ಟಲ್ಲಿ ಸ್ಟೇ ತರ್ತೇವೆ ಅಂತ ಯಾರಾದ್ರೂ ಫೀಸ್ ಕೇಳಿದ್ರೆ ಕೊಡ್ಬೇಡ. ಈ ವಿಷಯದಲ್ಲಿ ಸಿವಿಲ್ ಕೋರ್ಟಿಗೆ ಕಲಂ 34 ಅಡ್ಡ ಬರ್ತದೆ. ಹೋಗ್ಬೇಕಾದ್ದು ಬೆಂಗಳೂರಿನ ಡಿಆರ್‌ಟಿಗೆ, ಅಂದ್ರೆ ಸಾಲ ವಸೂಲಿ ನ್ಯಾಯಮಂಡಳಿಗೆ. ಬಾಡಿಗೆದಾರರ ಅಹವಾಲನ್ನೂ ಅಲ್ಲೇ ಕೇಳ್ಬೇಕು ಅಂತ 2016ರಲ್ಲಿ ಕಾಯ್ದೆ ತಿದ್ದಿದ್ದಾರೆ. 45 ದಿನ ಟೈಮು. ನೋಟಿಸಲ್ಲಿರೂ ಸ್ವಾಧೀನದ ತಾರೀಕಿಂದಲೇ ಎಣಿಸು, ಸುಮ್ನೆ ಕೂತ್ರೆ ಕಳ್ದೇ ಹೋಗ್ತದೆ.

ವಕೀಲರ ಖರ್ಚಿಗೆ ಹೆದರ್ಬೇಡ. ಅಗ್ರಿಮೆಂಟ್ ನಿನ್ನ ಹೆಸರಲ್ಲೇ ಇದೆಯಲ್ಲ, ಹೆಂಗಸ್ರಿಗೆ ಆದಾಯ ನೋಡ್ದೇ ಉಚಿತ ಕಾನೂನು ನೆರವು ಕೊಡ್ಬೇಕು ಅಂತ 1987ರ ಕಾಯ್ದೆಯೇ ಇದೆ. ಕಾರವಾರದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಹಾಕು, 15100ಕ್ಕೆ ಫೋನ್ ಮಾಡಿದ್ರೂ ದಾರಿ ಹೇಳ್ತಾರೆ.

ಬ್ಯಾಂಕಿನ ಅಧಿಕೃತ ಅಧಿಕಾರಿಗೆ ಕೊಡೂ ಪತ್ರ ನಾನು ಇವತ್ತು ರಾತ್ರಿಯೇ ಟೈಪ್ ಮಾಡ್ತೇನೆ. ನಾನು ಬಾಡಿಗೆದಾರಳು, ಇಂಥಾ ದಿನದಿಂದ ಇದ್ದೇನೆ, ನನ್ನ ಮಾತು ಕೇಳ್ದೇ ಸ್ವಾಧೀನ ತಗೊಳ್ಬೇಡಿ, ಇಷ್ಟು ಸಮಯ ಬೇಕು, ಅಷ್ಟೇ ಅದರಲ್ಲಿ. ಒಂದು ಪ್ರತಿ ಡಿಸಿ ಆಫೀಸಿಗೂ ಕೊಡ್ಬೇಕು, ಕಲಂ 14ರ ಅರ್ಜಿ ಅಲ್ಲಿಗೇ ಬಂದ್ರೆ ನೀನು ಇದ್ದೀಯ ಅನ್ನೂದು ಅವ್ರ ಕಡತದಲ್ಲಿ ಇರ್ಲಿ. ಎರಡೂ ಕಡೆ ಸ್ವೀಕೃತಿ ಸೀಲು ಹಾಕಿಸ್ಕೊಂಡೇ ಬಾ. ಈಗ ಹಳೇದು, ಹೊಸದು ಎರಡೂ ಅಗ್ರಿಮೆಂಟಿನ ಎಲ್ಲ ಪುಟದ ಫೋಟೋ ನನಗೆ ಬೇರೆಯಾಗಿ ಕಳಿಸು, ಗ್ರೂಪಿಗೆ ಹಾಕ್ಬೇಡ. ಸ್ಟಾಂಪ್ ಪೇಪರಿನ ಹಿಂದಿನ ಮಗ್ಗಲೂ ಬೇಕು, ತಗೊಂಡ ದಿನ ಕೆಲವು ಸಲ ಅಲ್ಲೇ ಬರೆದಿರ್ತದೆ.