ಪದಚರ್ಚೆ: ‘ಬ್ಲ್ಯಾಕ್ ಹೆರಿಟೇಜ್’, ‘ಇನ್‌ಕ್ಲೂಷನ್’ – ಫಲಕಕ್ಕೆ ಕನ್ನಡ ಬೇಕು

ಪ್ರಶ್ನೆ:
ಮಾನ್ಯರೆ, ಅಮೆರಿಕದ ಓಹಾಯೊ ರಾಜ್ಯದ ವಿಶ್ವವಿದ್ಯಾಲಯವೊಂದರ ಗ್ರಂಥಾಲಯದಲ್ಲಿ ವಿದ್ಯಾರ್ಥಿಗಳ ಮನೆಮಾತುಗಳಲ್ಲೆಲ್ಲ ಒಂದೇ ಒಕ್ಕಣೆಯ ಫಲಕ ಹಾಕುತ್ತಿದ್ದು, ಕನ್ನಡದ್ದು ನನ್ನ ಪಾಲಿಗೆ ಬಂದಿದೆ. ಬ್ಲ್ಯಾಕ್ ಹೆರಿಟೇಜನ್ನು, ಎಂದರೆ ಆಫ್ರಿಕಾ ಮೂಲದ ಅಮೆರಿಕನ್ನರ ಪರಂಪರೆಯನ್ನು, ಅದಕ್ಕೆಂದೇ ಮೀಸಲಾದ ಫೆಬ್ರವರಿಯಲ್ಲಿ ಮಾತ್ರವಲ್ಲದೆ ವರ್ಷವಿಡೀ ಗೌರವಿಸುತ್ತೇವೆ, ಉನ್ನತ ಶಿಕ್ಷಣದಲ್ಲಿ ಇನ್‌ಕ್ಲೂಷನ್ (ಯಾರನ್ನೂ ಹೊರಗಿಡದಿರುವುದು) ಹೆಚ್ಚಿಸುತ್ತೇವೆ ಎಂಬುದು ಅದರ ತಾತ್ಪರ್ಯ. ‘ಕರಿಯರ ಪರಂಪರೆ’, ‘ಸೇರ್ಪಡೆ’ ಎಂದು ಬರೆದಿಟ್ಟಿದ್ದೇನೆ, ಎರಡೂ ಒಪ್ಪುತ್ತಿಲ್ಲ. ಶುಕ್ರವಾರ ಅಚ್ಚಿಗೆ ಹೋಗಬೇಕು. ಬಲ್ಲವರು ತಿಳಿಸಬೇಕು.

ಮೊದಲ ಉತ್ತರ:
‘ಸೇರ್ಪಡೆ’ ಬೇಡ. ಪಟ್ಟಿ ಮುಗಿದ ಮೇಲೆ ಕೊನೆಯಲ್ಲಿ ಅಂಟಿಸಿದ್ದು ಸೇರ್ಪಡೆ. ಹಿಂದಿಯವರ ‘ಸಮಾವೇಶ’ವನ್ನು ಯಾರಾದರೂ ತರುವ ಮೊದಲೇ ಹೇಳುತ್ತೇನೆ, ಕನ್ನಡಿಗರಿಗೆ ಅದು ಶಾಮಿಯಾನ ಹಾಕಿ ನಡೆಸುವ ಸಭೆ. ‘ಒಳಗೊಳ್ಳುವಿಕೆ’ ಸರಿ, ಏಕೆಂದರೆ ‘ಒಳಗೊಳ್ಳು’ ಎಂಬುದಕ್ಕೆ ಕರ್ತೃ ಸಂಸ್ಥೆಯೇ. ಹೊಣೆ ಅದರ ಮೇಲೆ ಬೀಳುತ್ತದೆಯೇ ಹೊರತು ಹೊರಗೆ ನಿಂತವರ ಮೇಲಲ್ಲ. ಇನ್ನು ‘ಕೃಷ್ಣವರ್ಣೀಯ’ ಎಂಬ ಪಂಡಿತರ ಮುಸುಕು ಅನಗತ್ಯ. ‘ಕರ್’ ನಮ್ಮ ಧಾತು. ಕಾರ್ಮುಗಿಲು, ಕರಿಮಣಿ, ಕಡೆಗೆ ಕಪ್ಪು ಮಣ್ಣಿನ ಕರುನಾಡೂ ಅದರಿಂದಲೇ ಬಂದಿರುವಾಗ ‘ಕರಿಯರು’ ಎನ್ನಲು ಸಂಕೋಚವೇಕೆ?

ಎರಡನೆಯ ಉತ್ತರ:
ಕರುನಾಡಿನ ‘ಕರು’ವಿಗೆ ಎತ್ತರ ಎಂಬ ಅರ್ಥ ಹೇಳುವವರೂ ಇದ್ದಾರೆ, ಅರ್ಥ ಯಾವುದೇ ಆಗಲಿ, ಓಹಾಯೊದ ಫಲಕಕ್ಕೆ ಅದರಿಂದ ಉಪಯೋಗವಿಲ್ಲ. ‘ಕರಿಯ’ ನಮ್ಮ ಬೀದಿಗಳಲ್ಲಿ ಹೀಯಾಳಿಸುವ ಮಾತು, ಧಾತು ಎಷ್ಟು ಶುದ್ಧವಾಗಿದ್ದರೂ ಅಷ್ಟೇ.

ಹೆಸರಿನ ಚರಿತ್ರೆಯನ್ನು ನೋಡಬೇಕು. ಗುಲಾಮರಾಗಿದ್ದ ತಂದೆತಾಯಿಗಳ ಮಗನಾಗಿ ಹುಟ್ಟಿ, 1912ರಲ್ಲಿ ಹಾರ್ವರ್ಡ್‌ನಿಂದ ಡಾಕ್ಟರೇಟ್ ಪಡೆದ ಇತಿಹಾಸಕಾರ ಕಾರ್ಟರ್ ವುಡ್ಸನ್ 1926ರಲ್ಲಿ ಆರಂಭಿಸಿದ್ದು ‘ನೀಗ್ರೋ ಇತಿಹಾಸ ಸಪ್ತಾಹ’. 1960ರ ದಶಕದ ಚಳವಳಿಗಳು ‘ನೀಗ್ರೋ’ವನ್ನು ತೊರೆದು ‘ಬ್ಲ್ಯಾಕ್’ ಎಂಬುದನ್ನು ಹೆಮ್ಮೆಯ ಹೆಸರಾಗಿಸಿಕೊಂಡವು. ಸಪ್ತಾಹವನ್ನು ತಿಂಗಳಾಗಿ ಮೊದಲು ಆಚರಿಸಿದವರು ಅದೇ ಓಹಾಯೊದ ಕೆಂಟ್ ಸ್ಟೇಟ್ ವಿಶ್ವವಿದ್ಯಾಲಯದವರು, 1970ರಲ್ಲಿ. ಅಮೆರಿಕದ ಅಧ್ಯಕ್ಷ ಫೋರ್ಡ್ ಅದಕ್ಕೆ ಮನ್ನಣೆ ಕೊಟ್ಟದ್ದು 1976ರಲ್ಲಿ. ಸಪ್ತಾಹವು ತಿಂಗಳಾಗುವ ಮೊದಲೇ ಸ್ಯಾನ್ ಫ್ರಾನ್ಸಿಸ್ಕೊ ಸ್ಟೇಟ್ ಕಾಲೇಜಿನ ವಿದ್ಯಾರ್ಥಿಗಳು 1968ರ ನವೆಂಬರ್‌ನಿಂದ ತಿಂಗಳುಗಟ್ಟಲೆ ಮುಷ್ಕರ ಹೂಡಿ, ಬ್ಲ್ಯಾಕ್ ಅಧ್ಯಯನವನ್ನು ಪಠ್ಯಕ್ರಮದೊಳಗೇ ತಂದಿದ್ದರು. ಫಲಕದ ‘ವರ್ಷವಿಡೀ’ ಎಂಬ ಮಾತಿಗೆ ಅರ್ಥ ಬರುವುದು ಅಲ್ಲಿಂದ. ಆ ಜನ ತಾವೇ ಆರಿಸಿಕೊಂಡ ಹೆಸರನ್ನು ಹಾಗೆಯೇ ‘ಬ್ಲ್ಯಾಕ್’ ಎಂದು ತೆಗೆದುಕೊಳ್ಳಬೇಕು. ಇಂಗ್ಲಿಷಿನವರು ‘ದಲಿತ’ವನ್ನು ಅನುವಾದಿಸದೆ ತೆಗೆದುಕೊಳ್ಳಲಿಲ್ಲವೆ? ಮೇಲಾಗಿ, ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆ 2020ರಿಂದ ಆ ಪದದ ಮೊದಲಕ್ಷರವನ್ನು ದೊಡ್ಡದಾಗಿ ಬರೆಯುತ್ತಿದೆ. ದೊಡ್ಡಕ್ಷರವೇ ಇಲ್ಲದ ನಮ್ಮ ಲಿಪಿಯಲ್ಲಿ ‘ಕಪ್ಪು’ ಬರಿಯ ಬಣ್ಣವಾಗಿ ಉಳಿಯುತ್ತದೆ.

ಮೊದಲ ಉತ್ತರದವರು:
ಎರವಲಿಗೆ ಚಳವಳಿಯ ಅಂಗಿ ತೊಡಿಸಬೇಡಿ. ಅವರು ಆರಿಸಿದ್ದು ಬಣ್ಣದ ಪದವನ್ನು. ಬಣ್ಣದ ಪದ ಪ್ರತಿ ಭಾಷೆಯಲ್ಲೂ ಇದೆ. ‘ಕಪ್ಪು ಜನ’ ಎಂದರೆ ಬಣ್ಣವು ಸಮುದಾಯವಾಗುತ್ತದೆ, ದೊಡ್ಡಕ್ಷರ ಬೇಕಿಲ್ಲ.

ಎರಡನೆಯ ಉತ್ತರದವರು:
1972ರಲ್ಲಿ ಮುಂಬಯಿಯಲ್ಲಿ ದಲಿತ ಪ್ಯಾಂಥರ್ಸ್ ಸಂಘಟನೆ ಕಟ್ಟಿದವರು ಅಮೆರಿಕದ ಬ್ಲ್ಯಾಕ್ ಪ್ಯಾಂಥರ್ ಪಕ್ಷದವರಿಂದ ಆ ಹೆಸರನ್ನು ಪಡೆದಾಗ ‘ಚಿರತೆ’ಯನ್ನು ಹುಡುಕಿಕೊಂಡು ಹೋಗಲಿಲ್ಲ. ಎರವಲು ಕೆಲವೊಮ್ಮೆ ನಂಟು ಹೇಳಿಕೊಳ್ಳುವ ಬಗೆ.

ಮೂರನೆಯ ಉತ್ತರ:
‘ಆಫ್ರಿಕಾ ಮೂಲದವರು’ ಎಂದರೆ ಜಗಳವೇ ಇಲ್ಲವಲ್ಲ?

ಎರಡನೆಯ ಉತ್ತರದವರು:
ಯಲ್ಲಾಪುರ, ಹಳಿಯಾಳದ ಸಿದ್ದಿಯರೂ ಆಫ್ರಿಕಾ ಮೂಲದವರೇ. ಫಲಕ ಮಾತಾಡುತ್ತಿರುವುದು ಅಮೆರಿಕದ ಚರಿತ್ರೆಯನ್ನು.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ವಂದನೆಗಳು. ಕನ್ನಡ ಮಾತ್ರ ಬಲ್ಲ ತಂದೆತಾಯಿಗಳೂ ಘಟಿಕೋತ್ಸವಕ್ಕೆ ಬಂದಾಗ ಇದನ್ನು ಓದುವುದರಿಂದ ‘ಬ್ಲ್ಯಾಕ್’ ಬಿಟ್ಟಿದ್ದೇನೆ. ಕಳುಹಿಸಿದ ಪಾಠ ಇದು: ‘ಕಪ್ಪು ಜನರ ಪರಂಪರೆಗೆ ವರ್ಷವಿಡೀ ಗೌರವ, ಎಲ್ಲರನ್ನೂ ಒಳಗೊಳ್ಳುವ ಉನ್ನತ ಶಿಕ್ಷಣದತ್ತ.’

ಮೊದಲ ಉತ್ತರದವರು:
ಇಡೀ ಸಾಲಿನಲ್ಲಿ ಅಚ್ಚಗನ್ನಡವೆಂದರೆ ‘ಕಪ್ಪು’, ‘ಇಡೀ’, ‘ಎಲ್ಲರನ್ನೂ’, ‘ಒಳಗೊಳ್ಳುವ’, ‘ಅತ್ತ’ ಮಾತ್ರ. ‘ಜನ’ದ ಬದಲು ‘ಮಂದಿ’ ಎನ್ನಬಹುದಿತ್ತು.