ಅಮೈನನ್ನು ಉಂಗುರ ‘ಬಂಧಿಸುತ್ತದೆ’ ಅನ್ನಬಹುದೇ?

ಎಲ್ಲರಿಗೂ ನಮಸ್ಕಾರ. ಮಡಿಕೇರಿಯಿಂದ ಬರೆಯುತ್ತಿದ್ದೇನೆ. ಇಲ್ಲಿನ ಪಿಯುಸಿ ಮಕ್ಕಳಿಗಾಗಿ ಕನ್ನಡದಲ್ಲಿ ಒಂದು ರಸಾಯನಶಾಸ್ತ್ರದ ಬರಹ ಮಾಡುತ್ತಿದ್ದೇನೆ. ಉಂಗುರದಂಥ ದೊಡ್ಡ ಅಣುಗಳು ಜೀವಿಗಳಲ್ಲಿರುವ ಪುಟ್ಟ ಅಮೈನುಗಳನ್ನು (ಸಾರಜನಕದ ಗುಂಪು ಇರುವ ಅಣುಗಳನ್ನು) ಹೇಗೆ ತಮ್ಮಲ್ಲಿ ಇಟ್ಟುಕೊಳ್ಳುತ್ತವೆ ಅನ್ನುವುದು ವಿಷಯ. ಆ ಇಟ್ಟುಕೊಳ್ಳುವ ಕೆಲಸಕ್ಕೆ ಒಂದು ಸರಿಯಾದ ಕ್ರಿಯಾಪದ ಬೇಕು.

ಪುಸ್ತಕದ ರೂಢಿ ‘ಬಂಧ’. ಆದರೆ ಬಂಧ ಅಂದ ಕೂಡಲೇ ಮಕ್ಕಳು ಎರಡು ಪರಮಾಣು ಎಲೆಕ್ಟ್ರಾನ್ ಹಂಚಿಕೊಂಡು ಹೊಸ ವಸ್ತು ಆಯಿತು ಎಂದುಕೊಳ್ಳುತ್ತಾರೆ. ಇಲ್ಲಿ ಹಾಗಾಗುವುದಿಲ್ಲ. ಅಮೈನು ಬರುತ್ತದೆ, ಕೂರುತ್ತದೆ, ಬಂದ ಹಾಗೇ ಎದ್ದು ಹೋಗುತ್ತದೆ. ‘ಹೈಡ್ರೋಜನ್ ಬಂಧ’ ಅನ್ನುತ್ತೇವಲ್ಲ ಎಂದು ನೀವು ಕೇಳಬಹುದು. ಅದು ಬೇರೂರಿದ ಮಾತು, ಅದನ್ನು ಬದಲಿಸಿ ಅನ್ನುತ್ತಿಲ್ಲ. ಇಡೀ ಅಣುವೊಂದು ಇನ್ನೊಂದರಲ್ಲಿ ನಿಲ್ಲುವುದಕ್ಕೂ ಅದೇ ಪದ ಹಚ್ಚಿದರೆ ಗೊಂದಲ ಜಾಸ್ತಿ ಆಗುತ್ತದೆ.

ತೊಡಕು ಅಷ್ಟೇ ಅಲ್ಲ. ಎಲ್ಲ ಉಂಗುರಗಳೂ ಒಂದೇ ರೀತಿ ಕೆಲಸ ಮಾಡುವುದಿಲ್ಲ. 1967ರಲ್ಲಿ ಚಾರ್ಲ್ಸ್ ಪೆಡರ್ಸನ್ ಪ್ರಕಟಿಸಿದ ಕ್ರೌನ್ ಈಥರ್‌ಗಳನ್ನು ನೋಡಿ. 18-ಕ್ರೌನ್-6 ಅನ್ನುವುದರ ಸುತ್ತಿನಲ್ಲಿ 18 ಪರಮಾಣು, ಅದರಲ್ಲಿ 6 ಆಕ್ಸಿಜನ್. ನಮ್ಮ ಮೈಯ ನೀರಿನಲ್ಲಿ ಅಮೈನುಗಳು ಸಾಮಾನ್ಯವಾಗಿ ಒಂದು ಪ್ರೋಟಾನ್ ಸೇರಿಸಿಕೊಂಡು ಧನ ವಿದ್ಯುದಂಶ ಪಡೆದಿರುತ್ತವೆ. ಆ ತುದಿಯ ಮೂರು ಹೈಡ್ರೋಜನ್‌ಗಳು ಒಂದು ಬಿಟ್ಟು ಒಂದರಂತೆ ಮೂರು ಆಕ್ಸಿಜನ್‌ಗಳ ಕಡೆ ಕೈ ಚಾಚುತ್ತವೆ. ಅಮೈನು ತೂತಿನೊಳಗೆ ಇಳಿಯುವುದಿಲ್ಲ, ಸಿಂಬಿಯ ಮೇಲೆ ಕೊಡ ಕೂತ ಹಾಗೆ ಮೇಲೆಯೇ ಕೂರುತ್ತದೆ. ಇದಕ್ಕೆ ‘ಕೂರು’ ಚೆನ್ನಾಗಿ ಹೊಂದುತ್ತದೆ.

ಕುಕುರ್ಬಿಟುರಿಲ್ ಅನ್ನುವ ಇನ್ನೊಂದು ಉಂಗುರ ಹಾಗಲ್ಲ. ಕುಂಬಳದ ಕುಟುಂಬದ ಲ್ಯಾಟಿನ್ ಹೆಸರಿನಿಂದ ಬಂದ ಹೆಸರು ಇದು. ಆಕಾರವೂ ಮೇಲೆ ಕೆಳಗೆ ತೆರೆದ ಕುಂಬಳದ್ದೇ. ಮನೆಮನೆಯಲ್ಲಿ ಕುಂಬಳದ ಕರಿ ಮಾಡುವ ಕೊಡಗಿನ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 1905ರಲ್ಲೇ ರಸಾಯನಶಾಸ್ತ್ರಜ್ಞ ಬೆಹ್ರೆಂಡ್ ಇದನ್ನು ತಯಾರಿಸಿದ್ದರು. ರಚನೆ ತಿಳಿದದ್ದು 1981ರಲ್ಲಿ, ವಿಲಿಯಂ ಮಾಕ್ ಮತ್ತು ಜೊತೆಗಾರರಿಂದ. ಆರು ಘಟಕಗಳಿರುವ ಉಂಗುರದ ಎರಡು ಬಾಯಿಗಳಲ್ಲೂ ಆರಾರು ಆಕ್ಸಿಜನ್. ಒಳಗಿನ ಹೊಟ್ಟೆಗೆ ನೀರು ಅಂದರೆ ಅಷ್ಟಕ್ಕಷ್ಟೇ. ಎರಡೂ ತುದಿಯಲ್ಲಿ ಅಮೈನು ಗುಂಪು, ನಡುವೆ ಇಂಗಾಲದ ಸರಪಳಿ ಇರುವ ಅಣು ಬಂದರೆ ಸರಪಳಿ ಒಳಗೆ ತೂರುತ್ತದೆ. ತುದಿಗಳು ಎರಡು ಬಾಯಿಯ ಆಕ್ಸಿಜನ್‌ಗಳಿಗೆ ಒತ್ತಿಕೊಳ್ಳುತ್ತವೆ. ಒಳಗೆ ಇಕ್ಕಟ್ಟಿನಲ್ಲಿದ್ದ ನೀರು ಹೊರಬೀಳುತ್ತದೆ, ಅದರಿಂದ ಹಿಡಿತ ಇನ್ನೂ ಬಿಗಿಯಾಗುತ್ತದೆ. ಅಳತೆಯೂ ಮುಖ್ಯ. ಇಂಥ ಅಣುಗಳಲ್ಲಿ ಐದು ಇಂಗಾಲದ ಕೆಡಾವರಿನ್‌ಗೆ ಸಿಗುವ ಹಿಡಿತ ನಾಲ್ಕು ಇಂಗಾಲದ ಪ್ಯುಟ್ರೆಸಿನ್‌ಗಿಂತ ಹತ್ತು ಪಟ್ಟಿಗೂ ಜಾಸ್ತಿ. ಒಂದೇ ಒಂದು ಇಂಗಾಲದ ವ್ಯತ್ಯಾಸ! ಪ್ಯುಟ್ರೆಸಿನ್ ನಮಗೆ ದೂರದ್ದೇನಲ್ಲ, ಹುರಿಯುವ ಮುಂಚಿನ ಕಾಫಿ ಬೀಜದಲ್ಲೂ ಇರುತ್ತದೆ.

ಹಾಗಾಗಿ ಇಲ್ಲಿ ‘ಕೂರು’ ಸಾಲದು. ‘ತೂರು’ ಅಂದರೆ ಆಚೆ ಹೋಗಿಬಿಟ್ಟಂತೆ ಕೇಳುತ್ತದೆ. ‘ಪೋಣಿಸು’ ಹತ್ತಿರದ್ದು, ಆದರೆ ಪೋಣಿಸಲು ಹೊರಗಿನವರೊಬ್ಬರು ಬೇಕು ಅಲ್ವಾ? ಎರಡಕ್ಕೂ ಸಲ್ಲುವ ಮಾತು ‘ಹಿಡಿ’ ಎಂದು ನನಗನಿಸುತ್ತದೆ. ಹಿಡಿತ ಬಿಗಿಯಾಗಬಹುದು, ಸಡಿಲವಾಗಬಹುದು. ಹಿಡಿದದ್ದನ್ನು ಬಿಡಬಹುದು. ಬಂಧವನ್ನಾದರೆ ಮುರಿಯಲೇಬೇಕು.

‘ಹಿಡಿ’ಯಿಂದ ಇನ್ನೊಂದು ಅನುಕೂಲ ಇದೆ. ಅಮೈನು ಇದೆಯೇ ಎಂದು ಪರೀಕ್ಷಿಸಲು ಉಂಗುರದಲ್ಲಿ ಮೊದಲೇ ಹೊಳೆಯುವ ಬಣ್ಣದ ಅಣುವೊಂದನ್ನು ಇಟ್ಟಿರುತ್ತಾರೆ. ಹೆಚ್ಚು ಬಿಗಿಯಾಗಿ ನಿಲ್ಲಬಲ್ಲ ಅಮೈನು ಬಂದು ಅದನ್ನು ಎಬ್ಬಿಸುತ್ತದೆ, ಹೊಳಪು ಬದಲಾಗುತ್ತದೆ, ಅಮೈನು ಇದೆ ಎಂದು ಗೊತ್ತಾಗುತ್ತದೆ. 2007ರಲ್ಲಿ ಜರ್ಮನಿಯ ವರ್ನರ್ ನೌ ಅವರ ತಂಡ ಇದೇ ದಾರಿಯಲ್ಲಿ ಕಿಣ್ವಗಳ ಕೆಲಸವನ್ನು ಅಳೆದು ತೋರಿಸಿತು. ಅಮೈನೋ ಆಮ್ಲದಲ್ಲಿ ಋಣ ವಿದ್ಯುದಂಶದ ಗುಂಪೂ ಇರುವುದರಿಂದ ಉಂಗುರ ಅದನ್ನು ಸಡಿಲವಾಗಿ ಹಿಡಿಯುತ್ತದೆ. ಕಿಣ್ವ ಆ ಗುಂಪನ್ನು ಕಳಚಿ ಅಮೈನು ಮಾಡಿದ ಮೇಲೆ ಹಿಡಿತ ಬಿಗಿ. ಕರಾವಳಿಯಿಂದ ಘಾಟಿ ಹತ್ತಿ ಬರುವ ಬಂಗುಡೆ, ಮತ್ತಿ ಮೀನು ತಂಪಿಲ್ಲದೆ ಉಳಿದರೆ ಬ್ಯಾಕ್ಟೀರಿಯಾಗಳು ಹಿಸ್ಟಿಡಿನ್ ಅನ್ನುವ ಅಮೈನೋ ಆಮ್ಲದಿಂದ ಹಿಸ್ಟಮಿನ್ ಅನ್ನುವ ಅಮೈನು ಮಾಡುವುದೂ ಇದೇ ಬಗೆಯ ಕಿಣ್ವದಿಂದ. ಬೇಯಿಸಿದರೂ ಹಿಸ್ಟಮಿನ್ ಹೋಗುವುದಿಲ್ಲ. ತಿಂದವರ ಮೈ ಕೆಂಪಾಗಿ ತುರಿಸುತ್ತದೆ, ತಲೆ ನೋಯುತ್ತದೆ. ಇಂಥ ಪರೀಕ್ಷೆ ವಿವರಿಸುವಾಗ ‘ಹಿಡಿ, ಬಿಡು, ಎಬ್ಬಿಸು’ ಅಂದರೆ ಏಳನೇ ಕ್ಲಾಸಿನ ಮಗುವಿಗೂ ತಿಳಿಯುತ್ತದೆ. ‘ಪಲ್ಲಟ’ ಅಂದರೆ ಮತ್ತೆ ಅರ್ಥ ಹೇಳುತ್ತಾ ಕೂರಬೇಕು.

ಇನ್ನು ಹಿಡಿಯುವ ಉಂಗುರ, ಅದರಲ್ಲಿ ನಿಲ್ಲುವ ಅಮೈನು, ಈ ಎರಡು ಅಣುಗಳ ಹೆಸರು. ‘ಆತಿಥೇಯ’, ‘ಅತಿಥಿ’ ಕಿವಿಗೆ ಒಂದೇ ಥರ ಕೇಳುತ್ತವೆ, ಪಾಠದ ನಡುವೆ ಯಾವುದು ಯಾವುದೆಂದು ತಪ್ಪುತ್ತದೆ. ‘ಮನೆ ಅಣು’, ‘ನೆಂಟ ಅಣು’ ನನಗೆ ಇಷ್ಟ. ನೆಂಟ ಅಂದರೆ ಮೊದಲೇ ಸಂಬಂಧ ಇತ್ತು ಎಂಬ ಅರ್ಥ ಬರುತ್ತದೆಯೇ? ಬಲ್ಲವರು ಹೇಳಿ.

ಕೊಡವ ತಕ್ಕ್, ಅರೆಭಾಷೆ ಆಡುವವರನ್ನು ವಿಶೇಷವಾಗಿ ಕೇಳುತ್ತೇನೆ. ಬಿಗಿಯಾಗಿ ನಿಂತಿದ್ದರೂ ಬೇಕಾದಾಗ ಬಿಡಿಸಿಕೊಳ್ಳಬಹುದಾದ ಸ್ಥಿತಿಗೆ ನಿಮ್ಮಲ್ಲಿ ಒಂದೇ ಪದ ಇದೆಯೇ? ನೀರಿಗೆ ಕ್ಷಾರ ಸೇರಿಸಿದರೆ ಅಮೈನು ಪ್ರೋಟಾನ್ ಕಳೆದುಕೊಳ್ಳುತ್ತದೆ, ಉಂಗುರದ ಹಿಡಿತ ಸಡಿಲವಾಗುತ್ತದೆ. ಅದಕ್ಕೂ ಒಪ್ಪುವ ಪದ ಆಗಿರಬೇಕು.