ಸರ್ಜ್ ಎಕ್ಸ್‌ಟಿ: ನಾಬ್ ಸೊನ್ನೆಗೆ ತಂದರೂ ಕಂಪನ ನಿಲ್ಲುತ್ತಿಲ್ಲ. ಡೆಪ್ತ್‌ಗೆ (ಕಂಪನದ ಪ್ರಮಾಣಕ್ಕೆ) ನಾಬ್ ಕೊಡುವುದು ಹೇಗೆ?

ಕೊಳಲು_ಪ್ಯಾಚ್:

ಎಲ್ಲರಿಗೂ ನಮಸ್ಕಾರ. ಸರ್ಜ್ ಎಕ್ಸ್‌ಟಿ ಅನ್ನುವ ಸಾಫ್ಟ್‌ವೇರ್ ಸಿಂತಸೈಜರ್‌ನಲ್ಲಿ (ಸಿಂತ್) ಕೊಳಲಿನ ಥರ ಒಂದು ಲೀಡ್ ಪ್ಯಾಚ್ (ಉಳಿಸಿಡಬಹುದಾದ ನಾದದ ಸೆಟ್ಟಿಂಗ್) ಮಾಡುತ್ತಿದ್ದೇನೆ. ಭಾವಗೀತೆ, ದೇವರನಾಮಗಳಿಗೆ ನುಡಿಸುವುದಕ್ಕೆ. ಎಡಗೈಯಲ್ಲಿ ನಾಬ್ ತಿರುಗಿಸಿದರೆ ಸ್ವರದ ಕಂಪನ ಜಾಸ್ತಿ ಆಗಬೇಕು. ಪೂರ್ತಿ ಕೆಳಗೆ ತಂದರೆ ಸ್ವರ ಅಲುಗಾಡದೆ ನಿಲ್ಲಬೇಕು. ಬೇಕಾಗಿರುವುದು ಇಷ್ಟೇ.

ಎಲ್‌ಎಫ್‌ಓ 1 (ನಿಧಾನಕ್ಕೆ ಏರಿಳಿಯುತ್ತಾ ಬೇರೆ ಸೆಟ್ಟಿಂಗನ್ನು ತೂಗಿಸುವ ಭಾಗ) ಅನ್ನು ಪಿಚ್‌ಗೆ, ಅಂದರೆ ಸ್ವರದ ಎತ್ತರಕ್ಕೆ ಕೊಟ್ಟೆ, ಕಂಪನ ಬಂತು. ಆಮೇಲೆ ಮ್ಯಾಕ್ರೋ 1 (ನಾಬ್‌ನಿಂದ ಆಡಿಸಬಹುದಾದ, ಬೇಕಾದ ಸೆಟ್ಟಿಂಗ್‌ಗೆ ಜೋಡಿಸುವ ಸ್ಲೈಡರ್) ಅನ್ನೂ ಪಿಚ್‌ಗೇ ಕೊಟ್ಟೆ. ಈಗ ನಾಬ್ ತಿರುಗಿಸಿದರೆ ಕಂಪನ ಇದ್ದಷ್ಟೇ ಇರುತ್ತದೆ, ಇಡೀ ಸ್ವರ ಮೇಲಕ್ಕೆ ಜಾರುತ್ತದೆ. ಷಡ್ಜ ಒತ್ತಿದರೆ ರಿಷಭ ಕೇಳಿಸುತ್ತದೆ! ಅದನ್ನು ತೆಗೆದು ಮ್ಯಾಕ್ರೋವನ್ನು ಎಲ್‌ಎಫ್‌ಓದ ಆಂಪ್ಲಿಟ್ಯೂಡ್‌ಗೆ (ತೂಗಾಟದ ಪ್ರಮಾಣಕ್ಕೆ) ಕೊಟ್ಟು ನೋಡಿದೆ. ಸ್ವರ ಜಾರುವುದು ನಿಂತಿತು. ಆದರೆ ನಾಬ್ ಸೊನ್ನೆಯಲ್ಲಿದ್ದರೂ ಕಂಪನ ಇದ್ದೇ ಇದೆ.

ಇನ್ನೊಂದು ತಲೆನೋವು. ನನ್ನದು 8 ನಾಬ್‌ಗಳ ಪುಟ್ಟ ಮಿಡಿ (ವಾದ್ಯ, ಕಂಪ್ಯೂಟರ್‌ಗಳು ಮಾತಾಡಿಕೊಳ್ಳುವ ಭಾಷೆ) ಕೀಬೋರ್ಡ್. ನಾಬ್‌ಗಳಿಗೆ ಕೊನೆ ಇಲ್ಲ, ಸುತ್ತುತ್ತಲೇ ಇರುತ್ತವೆ. ನಿಧಾನಕ್ಕೆ ಎಡಕ್ಕೆ ತಿರುಗಿಸಿದರೂ ಪರದೆ ಮೇಲೆ ಮ್ಯಾಕ್ರೋ ಒಮ್ಮೆಲೇ ಪೂರ್ತಿ ಮೇಲಕ್ಕೆ ಹಾರುತ್ತದೆ. ಬಲಕ್ಕೆ ತಿರುಗಿಸಿದರೆ ತಳಕ್ಕೆ ಬೀಳುತ್ತದೆ.

ಹಳೇಮಿಕ್ಸರ್:

ಎರಡೂ ಬೇರೆ ಬೇರೆ ತೊಂದರೆ, ಬಿಡಿಸಿ ನೋಡೋಣ. ಮೊದಲು ಕಂಪನದ್ದು.

ಮ್ಯಾಕ್ರೋವನ್ನು ಆಂಪ್ಲಿಟ್ಯೂಡ್‌ಗೆ ಕೊಟ್ಟಿದ್ದೀರಲ್ಲ, ಅದೇ ಸರಿಯಾದ ಜಾಗ. ಪಿಚ್‌ಗೆ ನೇರ ಕೊಟ್ಟರೆ ಮ್ಯಾಕ್ರೋ ಮತ್ತು ಎಲ್‌ಎಫ್‌ಓ ಎರಡೂ ಪಿಚ್ ಜೊತೆ ಕೂಡಿಕೊಳ್ಳುತ್ತವೆ. ಒಂದಕ್ಕೊಂದು ಸಂಬಂಧವೇ ಇರುವುದಿಲ್ಲ. ನಿಮಗೆ ಬೇಕಾಗಿರುವುದು ಎಲ್‌ಎಫ್‌ಓ ಎಷ್ಟು ಜೋರಾಗಿ ತೂಗಬೇಕು ಅನ್ನುವುದರ ಹಿಡಿತ. ಆ ಹಿಡಿತ ಎಲ್‌ಎಫ್‌ಓದ ಒಳಗೇ ಇದೆ.

ಈಗ ಸೊನ್ನೆಯ ವಿಷಯ. ಸರ್ಜ್‌ನಲ್ಲಿ ಮಾಡ್ಯುಲೇಶನ್ (ಒಂದು ಭಾಗ ಇನ್ನೊಂದನ್ನು ಆಡಿಸುವುದು) ಅಂದರೆ ಕೂಡುವುದು. ಸ್ಲೈಡರ್ ಎಲ್ಲಿದೆಯೋ ಅದರ ಮೇಲೆ ಮ್ಯಾಕ್ರೋ ತನ್ನ ಪಾಲು ಸೇರಿಸುತ್ತದೆ. ಎಲ್‌ಎಫ್‌ಓದ ಆಂಪ್ಲಿಟ್ಯೂಡ್ ಸ್ಲೈಡರ್ ಶುರುವಿನಿಂದಲೇ 100 ಪರ್ಸೆಂಟ್‌ನಲ್ಲಿ ಕೂತಿರುತ್ತದೆ. ಮ್ಯಾಕ್ರೋ ಸೊನ್ನೆ ಇದ್ದರೆ 100ಕ್ಕೆ ಸೊನ್ನೆ ಕೂಡಿದಂತೆ. ಕಂಪನ ನಿಲ್ಲುವುದಾದರೂ ಹೇಗೆ?

ಹಾಗಾಗಿ ಎಲ್‌ಎಫ್‌ಓ 1ರ ಆಂಪ್ಲಿಟ್ಯೂಡ್ ಸ್ಲೈಡರನ್ನೇ ಸೊನ್ನೆಗೆ ಎಳೆಯಿರಿ. ಅದೇ ಸ್ಲೈಡರ್ ಮೇಲೆ ಮ್ಯಾಕ್ರೋ 1ರ ಮೊತ್ತವನ್ನು ಪೂರ್ತಿ 100ಕ್ಕೆ ಏರಿಸಿ. ಎಲ್‌ಎಫ್‌ಓದಿಂದ ಪಿಚ್‌ಗೆ ಈಗಾಗಲೇ ಕೊಟ್ಟಿರುವ ಮೊತ್ತ ಹಾಗೇ ಇರಲಿ. ಅದು ನಾಬ್ ಪೂರ್ತಿ ತಿರುಗಿಸಿದಾಗ ಸಿಗುವ ಗರಿಷ್ಠ ಕಂಪನ.

ಆ ಗರಿಷ್ಠವನ್ನು ಎಷ್ಟಕ್ಕೆ ಇಡುತ್ತೀರಿ ಅನ್ನುವುದರ ಮೇಲೆ ನಾಬ್ ಕೈಗೆ ಹಿತವಾಗುತ್ತದೋ ಇಲ್ಲವೋ ನಿಂತಿದೆ. ಸಾಮಾನ್ಯ ಮಿಡಿ ನಾಬ್‌ನಲ್ಲಿ 0ಯಿಂದ 127ರವರೆಗೆ ಮಾತ್ರ ಮೆಟ್ಟಿಲು. ಪಿಚ್‌ಗೆ 7 ಸೆಮಿಟೋನ್ (ಪಕ್ಕಪಕ್ಕದ ಎರಡು ಕೀಗಳ ಅಂತರ ಒಂದು ಸೆಮಿಟೋನ್) ಕೊಟ್ಟರೆ ಒಂದೊಂದು ಮೆಟ್ಟಿಲಿಗೂ ಸುಮಾರು 5.5 ಸೆಂಟ್ (ಸೆಮಿಟೋನ್‌ನ ನೂರನೇ ಒಂದು ಭಾಗ). 2 ಸೆಮಿಟೋನ್ ಕೊಟ್ಟರೆ 1.6 ಸೆಂಟ್ ಆಸುಪಾಸು. ಹಾಡಿಗೆ ಹಾಕುವ ಸಣ್ಣ ಕಂಪನಕ್ಕೆ ಅರ್ಧ ಸೆಮಿಟೋನ್ ಸಾಕು. ಸುಮ್ನೆ ಇರಲಿ ಅಂತ ಜಾಸ್ತಿ ಇಟ್ಟರೆ ನಾಬ್‌ನ ಮೊದಲ ಕಾಲು ಸುತ್ತಿನಲ್ಲೇ ಎಲ್ಲಾ ಮುಗಿದಿರುತ್ತದೆ. ಉಳಿದ ಮುಕ್ಕಾಲು ದಂಡ.

ತಂತಿಪೆಟ್ಟಿಗೆ:

ನಾಬ್ ಹಾರುವುದು ಸಿಂತ್‌ದಲ್ಲ ಸರ್, ಕೀಬೋರ್ಡಿನ ಸೆಟ್ಟಿಂಗ್. ಕೊನೆಯಿಲ್ಲದೆ ಸುತ್ತುವ ನಾಬ್‌ಗಳು ಎರಡು ರೀತಿ ಮಾತಾಡಬಲ್ಲವು. ಆಬ್ಸಲ್ಯೂಟ್‌ನಲ್ಲಿ "ನಾನು ಈಗ 64ರಲ್ಲಿದ್ದೇನೆ" ಅಂತ ಜಾಗ ಹೇಳುತ್ತವೆ. ರಿಲೇಟಿವ್‌ನಲ್ಲಿ "ಒಂದು ಹೆಜ್ಜೆ ಮುಂದೆ", "ಒಂದು ಹೆಜ್ಜೆ ಹಿಂದೆ" ಅಂತ ಮಾತ್ರ ಹೇಳುತ್ತವೆ. ರಿಲೇಟಿವ್‌ನ ಒಂದು ಬಗೆಯಲ್ಲಿ ಬಲಕ್ಕೆ ತಿರುಗಿಸಿದರೆ 1, ಎಡಕ್ಕೆ ತಿರುಗಿಸಿದರೆ 127 ಹೋಗುತ್ತದೆ. ಅದನ್ನು ಸಿಂತ್ ಜಾಗ ಅಂತ ಓದಿಕೊಂಡರೆ 127 ಅಂದರೆ ಪೂರ್ತಿ ಮೇಲೆ, 1 ಅಂದರೆ ತಳ. ನೀವು ಬರೆದಿರುವುದು ಪಕ್ಕಾ ಅದೇ ಲಕ್ಷಣ.

ಖಾತ್ರಿ ಮಾಡಿಕೊಳ್ಳಲು ವಿಂಡೋಸ್‌ನಲ್ಲಿ ಮಿಡಿ-ಆಕ್ಸ್, ಮ್ಯಾಕ್‌ನಲ್ಲಿ ಮಿಡಿ ಮಾನಿಟರ್ ತೆರೆದು ನಾಬ್ ತಿರುಗಿಸಿ. ಅಂಕಿ ಸಾಲಾಗಿ ಏರಿಳಿದರೆ ಆಬ್ಸಲ್ಯೂಟ್. ಒಂದೇ ಅಂಕಿ ಮತ್ತೆ ಮತ್ತೆ ಬಂದರೆ ರಿಲೇಟಿವ್. ಕೀಬೋರ್ಡ್ ಜೊತೆ ಬಂದ ಎಡಿಟರ್ ಸಾಫ್ಟ್‌ವೇರ್‌ನಲ್ಲಿ ಆ ನಾಬ್ ಅನ್ನು ಆಬ್ಸಲ್ಯೂಟ್‌ಗೆ ಬದಲಿಸಿ, ಪ್ರಿಸೆಟ್ ಅನ್ನು ಕೀಬೋರ್ಡ್‌ಗೇ ಕಳಿಸಿ ಉಳಿಸಿ.

ಹಾಗೆಯೇ ಸರ್ಜ್‌ನ 8 ಮ್ಯಾಕ್ರೋಗಳು ಮೊದಲಿನಿಂದಲೇ ಸಿಸಿ (ನಾಬ್ ಕಳಿಸುವ ಮಿಡಿ ಸಂದೇಶದ ಅಂಕಿ) 41ರಿಂದ 48ಕ್ಕೆ ಕಿವಿಗೊಟ್ಟಿರುತ್ತವೆ. ನಾಬ್‌ಗಳಿಗೆ ಅದೇ ಅಂಕಿ ಕೊಟ್ಟುಬಿಟ್ಟರೆ ಮಿಡಿ ಲರ್ನ್ (ನಾಬ್ ತಿರುಗಿಸಿ ಜೋಡಣೆ ಕಲಿಸುವುದು) ಗೋಜೇ ಬೇಡ.

ಕೊಳಲು_ಪ್ಯಾಚ್:

ಇಬ್ಬರಿಗೂ ಧನ್ಯವಾದ. ನಾಬ್ ರಿಲೇಟಿವ್‌ನಲ್ಲೇ ಇತ್ತು. ಬದಲಿಸಿದ ಮೇಲೆ ನಯವಾಗಿ ಏರುತ್ತಿದೆ. ಆಂಪ್ಲಿಟ್ಯೂಡ್ ಸೊನ್ನೆ ಮಾಡಿದ ಮೇಲೆ ಸ್ವರವೂ ನೇರ ನಿಲ್ಲುತ್ತಿದೆ.

ಮುಂದಿನ ಪ್ರಶ್ನೆ. ಇದೇ ನಾಬ್‌ನಿಂದ ಕಂಪಿತ ಗಮಕದ (ಕರ್ನಾಟಕ ಸಂಗೀತದಲ್ಲಿ ಸ್ವರವನ್ನು ತೂಗುವ ಬಗೆ) ಹತ್ತಿರ ಹೋಗಬಹುದಾ? ಈಗ ಬರುತ್ತಿರುವುದು ಸಿನಿಮಾ ಹಾಡಿನ ವಯಲಿನ್ ಥರ. ತೋಡಿ ರಾಗ ನುಡಿಸಿದರೆ ತೋಡಿ ಅನ್ನಿಸುವುದಿಲ್ಲ.

ಮಂದ್ರ_ಶ್ರುತಿ:

ವೀಣೆ ಕಲಿತವನು, ಸಿಂತ್ ಆಮೇಲೆ ಅಂಟಿಕೊಂಡಿತು. ಈ ಪ್ರಶ್ನೆಗಾಗಿ ಕಾಯುತ್ತಿದ್ದೆ ಅನ್ನಿ.

ತೋಡಿಯ ಗಾಂಧಾರವನ್ನೇ ತೆಗೆದುಕೊಳ್ಳಿ. ಷಡ್ಜದಿಂದ 3 ಸೆಮಿಟೋನ್ ಮೇಲೆ ಸಾಧಾರಣ ಗಾಂಧಾರ. ಶುದ್ಧ ರಿಷಭ 1ರಲ್ಲಿ, ಶುದ್ಧ ಮಧ್ಯಮ 5ರಲ್ಲಿ. ಹಾಡುವಾಗ ಈ ಗಾಂಧಾರ ಹೆಚ್ಚುಕಡಿಮೆ ರಿಷಭ, ಮಧ್ಯಮಗಳ ನಡುವೆ ತೂಗುತ್ತದೆ. ಅಂದರೆ ಮೇಲೆ 2, ಕೆಳಗೆ 2. ಎಲ್‌ಎಫ್‌ಓದಿಂದ ಪಿಚ್‌ಗೆ 2 ಸೆಮಿಟೋನ್ ಇಟ್ಟರೆ ನಾಬ್ ತುದಿಯಲ್ಲಿ ಆ ಹರವು ಕರೆಕ್ಟಾಗಿ ಸಿಗುತ್ತದೆ. ಅರ್ಧ ಸೆಮಿಟೋನ್‌ನಲ್ಲಿ ಎಷ್ಟು ಒದ್ದಾಡಿದರೂ ಬರುವುದಿಲ್ಲ. ಹಳೇಮಿಕ್ಸರ್ ಹೇಳಿದ ಲೆಕ್ಕ ಹಾಡಿನ ಕಂಪನಕ್ಕೆ ಸರಿ, ಇದಕ್ಕೆ ಬೇರೆ ಪ್ಯಾಚ್ ಇಟ್ಟುಕೊಳ್ಳಿ.

ಎಲ್ಲಾ ಸ್ವರಗಳೂ ಎರಡೂ ಕಡೆ ತೂಗುವುದಿಲ್ಲ. ಸ್ವರದಿಂದ ಮೇಲಿನದ್ದನ್ನು ಮುಟ್ಟಿ ವಾಪಸ್ ಬರುವ ಗಮಕ ಬೇಕಿದ್ದರೆ ಎಲ್‌ಎಫ್‌ಓದಲ್ಲಿ ಯೂನಿಪೋಲಾರ್ ಸ್ವಿಚ್ ಹಾಕಿ. ಆಗ ತೂಗಾಟ ಸ್ವರದಿಂದ ಮೇಲಕ್ಕೆ ಮಾತ್ರ. ಹಾಕದಿದ್ದರೆ ಅದು ಶ್ರುತಿಯ ಕೆಳಗೂ ಇಳಿದು ಅಪಸ್ವರದಂತೆ ಕೇಳುತ್ತದೆ. ಜನ ಡೆಪ್ತ್ ಜಾಸ್ತಿಯಾಯಿತು ಅಂತ ನಾಬ್ ಇಳಿಸುತ್ತಾರೆ. ತೊಂದರೆ ಇರುವುದು ದಿಕ್ಕಿನಲ್ಲಿ.

ವೇಗವೂ ಅಷ್ಟೇ ಮುಖ್ಯ. ಪಾಶ್ಚಾತ್ಯ ವೈಬ್ರಾಟೋ ಸೆಕೆಂಡಿಗೆ 5–6 ಸಲ ಆಡುತ್ತದೆ. 2 ಸೆಮಿಟೋನ್ ಹರವಿನಲ್ಲಿ ಆ ವೇಗ ಇಟ್ಟರೆ ಆಂಬ್ಯುಲೆನ್ಸ್ ಸೈರನ್. ನಾನು 3 ಹರ್ಟ್ಸ್ ಸುತ್ತಮುತ್ತ ಇಟ್ಟು, ರೇಟ್‌ಗೆ ಮ್ಯಾಕ್ರೋ 2 ಕೊಟ್ಟಿರುತ್ತೇನೆ. ಟ್ರಿಗರ್ ಫ್ರೀರನ್‌ನಲ್ಲಿದ್ದರೆ ಕೀಟ್ರಿಗರ್‌ಗೆ ಬದಲಿಸಿ, ಪ್ರತಿ ಸ್ವರವೂ ಒಂದೇ ಜಾಗದಿಂದ ಶುರುವಾಗಲಿ. ಎಲ್‌ಎಫ್‌ಓದ ಎನ್ವಲಪ್‌ನಲ್ಲಿ ಸ್ವಲ್ಪ ಡಿಲೇ ಕೊಟ್ಟರೆ ಸ್ವರ ಮೊದಲು ನಿಂತು ಆಮೇಲೆ ಆಡುತ್ತದೆ.

ಇಷ್ಟಾದರೂ ಎಲ್‌ಎಫ್‌ಓ ಗಮಕ ಅಲ್ಲ. ಅದು ಯಂತ್ರದ ಹಾಗೆ ಸಮನಾಗಿ ತೂಗುತ್ತದೆ. ಹಾಡುವವರು ಒಂದು ತುದಿಯಲ್ಲಿ ಜಾಸ್ತಿ ನಿಲ್ಲುತ್ತಾರೆ, ಇನ್ನೊಂದನ್ನು ಮುಟ್ಟಿ ಓಡುತ್ತಾರೆ. ಅದಕ್ಕೇ ಡೆಪ್ತ್ ನಾಬ್ ಬೇಕಾಗುವುದು. ಒಂದೇ ಕಡೆ ಇಟ್ಟು ಬಿಡಬೇಡಿ, ಸ್ವರದ ಒಳಗೇ ಏರಿಸಿ ಇಳಿಸುತ್ತಾ ನುಡಿಸಿ. ಜಾರು (ಸ್ವರದಿಂದ ಸ್ವರಕ್ಕೆ ಜಾರುವ ಗಮಕ) ಬೇಕಾದಲ್ಲಿ ಪಿಚ್ ವೀಲ್ ಬಳಸಿ. ಎಲ್‌ಎಫ್‌ಓ ಕೈಯಲ್ಲಿ ಜಾರು ಮಾಡಿಸುವುದು ವ್ಯರ್ಥ.

ಗುಬ್ಬಿ_ಸಿಂತ್:

ಮಧ್ಯೆ ಬಾಯಿ ಹಾಕುತ್ತಿದ್ದೇನೆ. ನನ್ನ ಹತ್ತಿರ ಇರುವುದು ವೈಟಲ್ ಮತ್ತು ಡೆಕ್ಸೆಡ್ ಅನ್ನುವ ಸಿಂತ್‌ಗಳು. ವೈಟಲ್‌ನಲ್ಲಿ 4 ಮ್ಯಾಕ್ರೋ ಇವೆ. ಇದೇ ಕೆಲಸ ಅಲ್ಲಿ ಹೇಗೆ? ಡೆಕ್ಸೆಡ್‌ನಲ್ಲಂತೂ ಪಿಚ್ ಮಾಡ್ಯುಲೇಶನ್ ಡೆಪ್ತ್ 99ಕ್ಕೆ ಏರಿಸಿದರೂ ಏನೂ ಕೇಳುತ್ತಿಲ್ಲ.

ಹಳೇಮಿಕ್ಸರ್:

ವೈಟಲ್‌ನಲ್ಲಿ ಇನ್ನೂ ಸುಲಭ ಗುರು. ಎಲ್‌ಎಫ್‌ಓದಿಂದ ಪಿಚ್‌ಗೆ ಎಳೆದ ಮೇಲೆ ಮ್ಯಾಟ್ರಿಕ್ಸ್ (ಜೋಡಣೆಗಳ ಪಟ್ಟಿ) ಪುಟಕ್ಕೆ ಹೋಗಿ. ಆ ಸಾಲಿನಲ್ಲಿರುವ ಅಮೌಂಟ್ ಮೇಲೇ ಮ್ಯಾಕ್ರೋ 1 ಅನ್ನು ಎಳೆದು ಬಿಡಿ. ಅಂದರೆ ಡೆಪ್ತ್‌ಗೇ ಮಾಡ್ಯುಲೇಶನ್. ಇಲ್ಲೂ ಅದೇ ನಿಯಮ, ಅಮೌಂಟ್‌ನ ಮೂಲ ಬೆಲೆ ಸೊನ್ನೆ ಇರಲಿ. ಮ್ಯಾಕ್ರೋ ಮೇಲೆ ರೈಟ್ ಕ್ಲಿಕ್ ಮಾಡಿದರೆ ಮಿಡಿ ಲರ್ನ್ ಸಿಗುತ್ತದೆ.

ಡೆಕ್ಸೆಡ್ ಅಂದರೆ 1983ರ ಯಮಾಹಾ ಡಿಎಕ್ಸ್7ರ ನಕಲು. ಅದರಲ್ಲಿ ಡೆಪ್ತ್‌ಗೆ ಎರಡು ಬಾಗಿಲು. ಒಂದು ಡೆಪ್ತ್, 0ಯಿಂದ 99. ಇನ್ನೊಂದು ಪಿಚ್ ಮಾಡ್ಯುಲೇಶನ್ ಸೆನ್ಸಿಟಿವಿಟಿ, 0ಯಿಂದ 7. ಎರಡನೆಯದು 0 ಇದ್ದರೆ ಮೊದಲನೆಯದನ್ನು ಎಷ್ಟು ಏರಿಸಿದರೂ ಪ್ರಯೋಜನ ಇಲ್ಲ. ಸೆನ್ಸಿಟಿವಿಟಿ 2 ಅಥವಾ 3 ಮಾಡಿ. ಡೆಪ್ತ್ 0ಯಲ್ಲೇ ಇಟ್ಟು, ಮಾಡ್ ವೀಲ್ (ಕೀಬೋರ್ಡಿನ ಮಾಡ್ಯುಲೇಶನ್ ಚಕ್ರ) ಸೆಟ್ಟಿಂಗ್‌ನಲ್ಲಿ ಪಿಚ್ ಆನ್ ಮಾಡಿ ರೇಂಜ್ ಕೊಡಿ. ವೀಲ್ ಏರಿಸಿದಷ್ಟೇ ಕಂಪನ ಬರುತ್ತದೆ.

ಕೊಳಲು_ಪ್ಯಾಚ್:

ಯೂನಿಪೋಲಾರ್ ಹಾಕಿ ನೋಡಿದೆ, ಮಂದ್ರ_ಶ್ರುತಿ ಸರ್, ಭಾರಿ ವ್ಯತ್ಯಾಸ ಇದೆ. ಒಂದು ಉಳಿದಿದೆ. ಈ ಸೆಟ್ಟಿಂಗ್ ಎಲ್ಲಾ ಪ್ಯಾಚ್‌ಗೂ ಬರುತ್ತದಾ, ಪ್ರತಿ ಸಲ ಮಾಡಬೇಕಾ?

ತಂತಿಪೆಟ್ಟಿಗೆ:

ಮ್ಯಾಕ್ರೋದಿಂದ ಆಂಪ್ಲಿಟ್ಯೂಡ್‌ಗೆ ಹಾಕಿದ ದಾರಿ ಆ ಪ್ಯಾಚ್ ಜೊತೆ ಉಳಿಯುತ್ತದೆ, ಬೇರೆ ಪ್ಯಾಚ್‌ಗೆ ಬರುವುದಿಲ್ಲ. ಹಾಗಾಗಿ ಎಲ್‌ಎಫ್‌ಓ, ಮ್ಯಾಕ್ರೋ ಎರಡೂ ಸಿದ್ಧ ಇರುವ ಖಾಲಿ ಪ್ಯಾಚ್ ಒಂದನ್ನು ಬೇರೆ ಹೆಸರಲ್ಲಿ ಉಳಿಸಿ. ಹೊಸದು ಮಾಡುವಾಗೆಲ್ಲಾ ಅಲ್ಲಿಂದ ಶುರು ಮಾಡಿ. ಮ್ಯಾಕ್ರೋಗೆ "ಕಂಪನ" ಅಂತ ಹೆಸರನ್ನೂ ಕೊಡಿ. ನಾಬ್‌ಗೆ ಸಿಸಿ ಅಂಕಿ ಬದಲಿಸಿದ್ದರೆ ಮಾತ್ರ ಮೆನುವಿನ ಮಿಡಿ ಸೆಟ್ಟಿಂಗ್ಸ್‌ಗೆ ಹೋಗಿ, ಈಗಿನ ಮ್ಯಾಪಿಂಗ್ ಅನ್ನು ಡಿಫಾಲ್ಟ್ ಮಾಡುವ ಆಯ್ಕೆ ಒತ್ತಿ. 41ನ್ನೇ ಬಳಸುತ್ತಿದ್ದರೆ ಅದೂ ಬೇಕಿಲ್ಲ.